ಮುನ್ನೂರ ಹನ್ನೆರಡು ದಿಂಬುಗಳು

ನಮ್ಮಪ್ಪನಿಗೆ ನಿದ್ದೆ ಬರುತ್ತಿರಲಿಲ್ಲ. ಬೇರೆ ಊರಲ್ಲಾಗಿದ್ದರೆ ಇದು ಅವನೊಬ್ಬನ ಕಷ್ಟ ಆಗಿರುತ್ತಿತ್ತು. ನಮ್ಮೂರಲ್ಲಿ ಇದು ನನ್ನ ಕಷ್ಟ ಆಯಿತು.

ನಮ್ಮೂರಲ್ಲಿ ಒಬ್ಬರ ನಿದ್ದೆಯನ್ನು ಇನ್ನೊಬ್ಬರು ಮಾಡಬಹುದು. ಮಗುವಿನ ದಿಂಬಿನ ಮೇಲೆ ತಲೆಯಿಟ್ಟು ಅಪ್ಪನೋ ಅಮ್ಮನೋ ಎಂಟು ಗಂಟೆ ಮಲಗಿದರೆ ಮಗು ಎಂಟು ಗಂಟೆ ಮಲಗಿದ ಹಾಗೆ. ಮಲಗಿದವರಿಗೆ ಅದರಿಂದ ಲಾಭವಿಲ್ಲ, ಎದ್ದಾಗ ಮೊದಲಿನಷ್ಟೇ ಸುಸ್ತು. ಅವರಿಗೆ ಸಿಗುವುದು ಮಗುವಿನ ಕನಸು ಮಾತ್ರ. ಷರತ್ತು ಎರಡು. ಮಲಗುವವರು ಮಗು ಉಣ್ಣುವ ಒಲೆಯ ಅನ್ನವನ್ನೇ ಉಣ್ಣುತ್ತಿರಬೇಕು. ಮತ್ತೆ, ಒಬ್ಬರು ಒಬ್ಬರಿಗೆ ಮಾತ್ರ ಮಲಗಬಹುದು. ಪಕ್ಕದ ಮನೆಯವರ ತಲೆ ನಿಮ್ಮ ದಿಂಬಿನ ಮೇಲೆ ಎಷ್ಟು ಹೊತ್ತು ಬಿದ್ದಿದ್ದರೂ ದಿಂಬಿಗೆ ಎಣ್ಣೆಯ ಜಿಡ್ಡು ಹತ್ತುತ್ತದೆಯೇ ಹೊರತು ನಿಮಗೆ ನಿದ್ದೆ ಹತ್ತುವುದಿಲ್ಲ.

ಇದರ ಉಪಯೋಗ ಎಲ್ಲರಿಗಿಂತ ಹೆಚ್ಚು ಆಗುತ್ತಿದ್ದದ್ದು ಗುಡ್ಡದ ಶಾಲೆಗೆ. ಅದು ಒಂದು ಟ್ರಸ್ಟಿನವರ ಹೈಸ್ಕೂಲು. ಎಂಟನೇ ಕ್ಲಾಸಿಗೆ ನಲವತ್ತು ಸೀಟು, ಮಾರ್ಚ್ ಕೊನೆಯ ಭಾನುವಾರ ಪ್ರವೇಶ ಪರೀಕ್ಷೆ. ಅಲ್ಲಿ ಬೆಂಚುಗಳಿಗೆ ಒರಗುವ ಹಲಗೆ ಇತ್ತು, ಪ್ರಯೋಗಶಾಲೆಯಲ್ಲಿ ನಿಜವಾದ ಅಸ್ಥಿಪಂಜರ ಇತ್ತು. ಅಲ್ಲಿ ಓದಿದವರು ಆಮೇಲೆ ಏನಾದರು ಎಂದು ಯಾರೂ ಲೆಕ್ಕ ಇಟ್ಟಿರಲಿಲ್ಲ. ಯಾವ ವರ್ಷ ಯಾರ ಮಗ ಸೇರಿದ, ಯಾರ ಮಗಳಿಗೆ ಸೀಟು ತಪ್ಪಿತು ಎಂಬುದು ಮಾತ್ರ ಎಲ್ಲರಿಗೂ ಬಾಯಿಪಾಠ.

ಸಂಕ್ರಾಂತಿಯ ಮಾರನೇ ದಿನದಿಂದ ಊರು ಮಲಗಲು ಶುರು ಮಾಡುತ್ತಿತ್ತು. ಏಳನೇ ಕ್ಲಾಸಿನ ಮಕ್ಕಳಿದ್ದ ಮನೆಯಲ್ಲಿ ದೊಡ್ಡವರೊಬ್ಬರು ದಿನಕ್ಕೆ ಹದಿನಾರು ಗಂಟೆ ಮಲಗಬೇಕು, ಎಂಟು ತಮಗೆ, ಎಂಟು ಮಗುವಿಗೆ. ದರ್ಜಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗುತ್ತಿದ್ದ. ಪೋಸ್ಟ್ ಮಾಸ್ತರರು ಟಪಾಲಿನ ಮೂಟೆಗಳ ನಡುವೆ. ಸಂತೆಯಲ್ಲಿ ಸೊಪ್ಪಿನವಳು ಮಲಗಿದ್ದರೆ ಬೇಕಾದ ಕಟ್ಟು ತೆಗೆದುಕೊಂಡು, ದುಡ್ಡು ಬುಟ್ಟಿಗೆ ಹಾಕಿ, ಸದ್ದು ಮಾಡದೆ ಹೋಗಬೇಕು. ಕ್ಷೌರದ ಅಂಗಡಿಯವನು 'ನನ್ನ ಮಗ ಇನ್ನೂ ಮೂರನೇ ಕ್ಲಾಸು' ಎಂದು ಬೋರ್ಡು ಹಾಕಿದ್ದ, ಗಿರಾಕಿಗಳ ಧೈರ್ಯಕ್ಕೆ. ಡಿಪೋದಲ್ಲಿ ಏಳನೇ ಕ್ಲಾಸಿನ ಮಕ್ಕಳಿದ್ದ ಡ್ರೈವರುಗಳಿಗೆ ಆ ಎರಡೂವರೆ ತಿಂಗಳು ಬಸ್ಸು ಕೊಡುತ್ತಿರಲಿಲ್ಲ, ಬಸ್ಸು ತೊಳೆಯಲು ಹಚ್ಚುತ್ತಿದ್ದರು. ಮಕ್ಕಳು ಇಪ್ಪತ್ತನಾಲ್ಕು ಗಂಟೆಯೂ ಓದುತ್ತಿದ್ದರು, ಅಥವಾ ಓದುತ್ತಿದ್ದೇವೆ ಎನ್ನುತ್ತಿದ್ದರು. ಟ್ಯೂಷನ್ನಿನ ವಾಮನ ಮೇಷ್ಟ್ರು ಬೆಳಗಿನ ಜಾವ ಎರಡು ಗಂಟೆಗೂ ಒಂದು ಬ್ಯಾಚ್ ಇಟ್ಟಿದ್ದರು. ವಿಜ್ಞಾನದ 'ಬೆಳಕು' ಪಾಠ ಮಾಡಿದ್ದು ಆ ಬ್ಯಾಚಿನಲ್ಲಿ. ಆ ಹೊತ್ತಿಗೆ ನಾನು ಮನೆಯಲ್ಲಿ ಮಲಗಿರುತ್ತಿದ್ದೆ. ನಮ್ಮ ಬ್ಯಾಚಿನಲ್ಲಿ ತನ್ನ ನಿದ್ದೆ ತಾನೇ ಮಾಡುತ್ತಿದ್ದವಳು ನಾನೊಬ್ಬಳೇ.

ಅಪ್ಪ ಬಸ್ ಸ್ಟ್ಯಾಂಡಿನ ಕಂಟ್ರೋಲರ್. ಹೆಸರು ಶಿವನಂಜಪ್ಪ, ಆದರೆ ಊರಿಗೆಲ್ಲ ಕಂಟ್ರೋಲರಣ್ಣ. ಬಸ್ಸು ಬಂದ ಹೊತ್ತು, ಹೊರಟ ಹೊತ್ತು ಬರೆದು, ರುಜು ಹಾಕಿ, ವಿಸಿಲ್ ಊದಿ ಕಳಿಸುವುದು ಅವನ ಕೆಲಸ. ನಿದ್ದೆ ನಿಂತದ್ದು ನಾನು ಹುಟ್ಟಿದ ವರ್ಷ ಎಂದು ಅಮ್ಮ ಹೇಳುತ್ತಿದ್ದಳು, ಈ ಕೆಲಸಕ್ಕೆ ಸೇರಿದ ವರ್ಷ ಎಂದು ಅಪ್ಪ. ಎರಡೂ ಒಂದೇ ವರ್ಷ. ಅಂತೂ ಹನ್ನೆರಡು ವರ್ಷ ಅವನು ಕಣ್ಣು ಮುಚ್ಚಿಕೊಂಡು ಬಿದ್ದಿರುತ್ತಿದ್ದ, ಅಷ್ಟೇ. ಆರೋಗ್ಯಕ್ಕೇನೂ ಕಡಿಮೆ ಇರಲಿಲ್ಲ. ಹೊತ್ತಿಗೆ ನಾಲ್ಕು ಮುದ್ದೆ ಇಳಿಸುತ್ತಿದ್ದ.

ಅಮ್ಮನ ನಿದ್ದೆ ಅಣ್ಣನಿಗೆ ಹೋಗುತ್ತಿತ್ತು. ಅವನು ಅದೇ ಗುಡ್ಡದ ಶಾಲೆಯಲ್ಲಿ ಹತ್ತನೇ ಕ್ಲಾಸು, ಪಬ್ಲಿಕ್ ಪರೀಕ್ಷೆಯೂ ಅದೇ ತಿಂಗಳು.

"ಅವನ್ನ ಬಿಟ್ಟು ನಂಗೆ ಮಲಗಮ್ಮ," ಎಂದು ಒಂದು ದಿನ ಕೇಳಿದೆ.

"ಅರ್ಧಕ್ಕೆ ಬಿಟ್ರೆ ಪರೀಕ್ಷೆ ಹಾಲಲ್ಲೇ ಗೊರಕೆ ಹೊಡೀತಾನೆ ಅಷ್ಟೇ. ನಿಮ್ಮಪ್ಪನ್ನ ಕೇಳು," ಎಂದು ಅಮ್ಮ ಅಣ್ಣನ ದಿಂಬು ತಟ್ಟಿ ಆ ಕಡೆ ತಿರುಗಿದಳು.

ಅಪ್ಪನನ್ನು ಕೇಳುವ ಅಗತ್ಯ ಇರಲಿಲ್ಲ. ಅವನು ತಾನಾಗಿಯೇ ಎಲ್ಲ ಪ್ರಯತ್ನ ಮಾಡುತ್ತಿದ್ದ. ಅಂಗಾಲಿಗೆ ಹರಳೆಣ್ಣೆ ತಿಕ್ಕಿಸಿಕೊಂಡ. ಬಿಸಿ ಹಾಲು ಕುಡಿದ. ಗುಡ್ಡದ ಶಾಲೆಯ ವಾರ್ಷಿಕ ವರದಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದ. ಒಂದು ಭಾನುವಾರ ಅಮ್ಮ ದೊಡ್ಡ ಪಾತ್ರೆಯಲ್ಲಿ ಗಸಗಸೆ ಪಾಯಸ ಮಾಡಿದಳು. ಎಲ್ಲರೂ ಕುಡಿದೆವು. ಅಮ್ಮ ಮಲಗಿದಳು, ನಾನು ಮಲಗಿದೆ, ಪಾತ್ರೆ ನೆಕ್ಕಿದ ಬೆಕ್ಕೂ ಮಲಗಿತು. ನಾವು ಎದ್ದಾಗ ಅಪ್ಪ ಪಾತ್ರೆ ತೊಳೆದು ಬೋರಲು ಹಾಕಿದ್ದ.

ಆಮೇಲೆ ಅಮ್ಮನಿಗೆ ತನ್ನ ತಮ್ಮ ಭದ್ರನ ನೆನಪಾಯಿತು. ಭದ್ರಮಾವನ ನಿದ್ದೆ ನಮ್ಮ ನೆಂಟರಲ್ಲೆಲ್ಲ ಹೆಸರುವಾಸಿ. ತನ್ನ ನಿಶ್ಚಿತಾರ್ಥದ ದಿನ ತಟ್ಟೆಯ ಮುಂದೆಯೇ ನಿದ್ದೆ ಹೋಗಿ, ಹೆಣ್ಣಿನ ಕಡೆಯವರು ಎದ್ದು ನಡೆದದ್ದು ಅವನಿಗೆ ಮಾರನೇ ದಿನ ಗೊತ್ತಾಯಿತು. ಅವನನ್ನು ಬೈಯದವರೇ ಇರಲಿಲ್ಲ. ಈಗ ಅಮ್ಮ ಅವನಿಗೆ ಕಾಗದ ಬರೆದಳು: ತಕ್ಷಣ ಹೊರಟು ಬಾ, ನಿನ್ನಿಂದ ಒಂದು ಉಪಕಾರ ಆಗಬೇಕು. ಯಾರೂ ಅವನಿಗೆ ಹಾಗೆ ಬರೆದಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ.

ಒಲೆಯ ಅನ್ನ ಮೈಗೆ ಹತ್ತಲು ಮೂರು ದಿನ ಬೇಕು. ಮೂರು ದಿನ ಅಮ್ಮ ಅವನಿಗೇ ಮೊದಲು ಬಡಿಸಿದಳು, ತುಪ್ಪ ಅವನಿಗೇ ಹೆಚ್ಚು. ಅಕ್ಕಪಕ್ಕದವರು ಬಂದು ನೋಡಿಕೊಂಡು ಹೋದರು. ನಾಲ್ಕನೇ ದಿನ ಬೆಳಿಗ್ಗೆ ಅವನು ನನ್ನ ದಿಂಬಿನ ಮೇಲೆ ತಲೆಯಿಟ್ಟ. ಅಮ್ಮ ಗೋಡೆ ಗಡಿಯಾರದ ಸೆಲ್ ತೆಗೆದಳು. ನಾವೆಲ್ಲ ಬಾಗಿಲ ಹತ್ತಿರ ಉಸಿರು ಬಿಗಿಹಿಡಿದು ನಿಂತೆವು. ಅರ್ಧ ಗಂಟೆಯ ಮೇಲೆ ಅವನ ಒಂದು ಕಣ್ಣು ತೆರೆಯಿತು.

"ಅಕ್ಕಾ, ಎಲ್ಲಾರೂ ನನ್ನೇ ನೋಡ್ತಿದೀರಾ?"

"ಇಲ್ಲ ಕಣೋ. ಮಲಗು."

"ನಾನು ಮಲಗ್ಲಿಲ್ಲ ಅಂದ್ರೆ ಮಗೂಗೆ ಸೀಟು ಸಿಗಲ್ಲ, ಅಲ್ವಾ?"

"ಹೂಂ."

"ಹಂಗಾದ್ರೆ ಬರಲ್ಲ ಕಣಕ್ಕ," ಎಂದು ಎದ್ದು ಕೂತ.

ಹದಿನಾರು ದಿನ ಇದ್ದ. ಒಂದು ದಿನವೂ ನಿದ್ದೆ ಬರಲಿಲ್ಲ. ಜವಾಬ್ದಾರಿ ಎನ್ನುವುದು ಹೀಗಿರುತ್ತದೆಂದು ಗೊತ್ತಿದ್ದರೆ ತಾನು ಈ ಊರಿಗೆ ಬರುತ್ತಲೇ ಇರಲಿಲ್ಲ ಎಂದ. ಬಿಡುವಿದ್ದಾಗಲೆಲ್ಲ ಅಪ್ಪನೂ ಅವನೂ ಚೌಕಾಬಾರ ಆಡಿದರು, ಇಬ್ಬರೂ ಪೂರಾ ಎಚ್ಚರವಾಗಿ. ಹದಿನೇಳನೇ ದಿನ ಅಪ್ಪನೇ ಅವನನ್ನು ಬಸ್ಸು ಹತ್ತಿಸಿ ವಿಸಿಲ್ ಊದಿದ. ಬಸ್ಸು ಸ್ಟ್ಯಾಂಡಿನ ಗೇಟು ದಾಟುವ ಮೊದಲೇ ಗೊರಕೆ ಶುರುವಾಗಿತ್ತು ಎಂದು ಕಂಡಕ್ಟರು ಆಮೇಲೆ ಹೇಳಿದ.

ಅಪ್ಪ ನನಗೆ ಉಪಯೋಗಕ್ಕೆ ಬರದಿದ್ದರೂ ಊರಿಗೆ ಬರುತ್ತಿದ್ದ. ಊರಲ್ಲಿ ಎಲ್ಲಕ್ಕಿಂತ ದೊಡ್ಡ ನೆರಳು ಬಸ್ ಸ್ಟ್ಯಾಂಡಿನದು, ಎಚ್ಚರವಿರುವುದು ಖಾತ್ರಿಯಿದ್ದ ಮನುಷ್ಯ ಅಪ್ಪ ಒಬ್ಬನೇ. ಮಧ್ಯಾಹ್ನ ಅಂಗಡಿಗಳಿಂದ, ಆಫೀಸುಗಳಿಂದ ಜನ ಬಂದು ಪ್ರಯಾಣಿಕರ ಕಲ್ಲು ಬೆಂಚುಗಳ ಮೇಲೆ ಸಾಲಾಗಿ ಮಲಗುತ್ತಿದ್ದರು.

"ಕಂಟ್ರೋಲರಣ್ಣ, ಮೂರೂಕಾಲಿಗೆ ಎಬ್ಬಿಸು."

"ನನ್ನ ಎರಡೂಮುಕ್ಕಾಲಿಗೆ. ಮರೀಬೇಡ, ಮ್ಯಾನೇಜರ್ ಬರ್ತಾರೆ."

ಅಪ್ಪ ಒಬ್ಬೊಬ್ಬರನ್ನೂ ಹೇಳಿದ ಹೊತ್ತಿಗೆ ಸರಿಯಾಗಿ ಎಬ್ಬಿಸುತ್ತಿದ್ದ. ದಿನಾ ದಿಂಬು ಹೊತ್ತು ತಿರುಗುವುದು ಯಾಕೆಂದು ಅವರು ದಿಂಬುಗಳನ್ನು ಪಾರ್ಸಲ್ ಕೋಣೆಯ ಹಲಗೆಗಳ ಮೇಲೆ ಬಿಟ್ಟು ಹೋಗುತ್ತಿದ್ದರು. ಹೊತ್ತುಕೊಂಡೇ ಹೋಗುವವರೂ ಚಹಾ ಕುಡಿದು ಬರುವತನಕ ಅಪ್ಪನ ಕೈಗೆ ಕೊಟ್ಟಿರುತ್ತಿದ್ದರು. ಫೆಬ್ರವರಿ ಮುಗಿಯುವ ಹೊತ್ತಿಗೆ ಊರಿನ ದಿಂಬುಗಳೆಲ್ಲ ಅವನಿಗೆ ಪರಿಚಯ. ಇಂಜಿನ್ನಿನ ಸದ್ದು ಕೇಳಿ ಯಾವ ಬಸ್ಸೆಂದು ಹೇಳುವ ಹಾಗೆ, ದಿಂಬು ಕೈಯಲ್ಲಿ ತೂಗಿ ಯಾರದೆಂದು ಹೇಳುತ್ತಿದ್ದ. ದಿನಸಿ ಅಂಗಡಿಯ ತಿಮ್ಮಶೆಟ್ಟರ ಮಗ ಚಿನ್ಮಯನದು ದಪ್ಪ, ಇಂಗಿನ ವಾಸನೆ. ದರ್ಜಿಯ ಮಗಳದ್ದರಲ್ಲಿ ಅರಳೆಯ ಬದಲು ಬಟ್ಟೆ ಚೂರು. ಪೋಸ್ಟ್ ಮಾಸ್ತರರ ಮಗನದು ಒಂದು ಮೂಲೆಯಲ್ಲಿ ಗಂಟು.

ತಿಮ್ಮಶೆಟ್ಟರು ಅಪ್ಪ ಎಬ್ಬಿಸಿದ ಮೇಲೆ ಬಾಯಿ ಒರೆಸಿಕೊಂಡು ದಿನಾ ಒಂದು ಮಾತು ಆಡಿಯೇ ಹೋಗುತ್ತಿದ್ದರು. "ನಮ್ ಹುಡುಗ ರಾತ್ರಿ ಮೂರು ಗಂಟೇಲಿ ಬೀಜಗಣಿತ ಮಾಡ್ತಾನೆ ಕಣಣ್ಣ. ನಿನ್ ಮಗಳು ಪಾಪ, ತನ್ ನಿದ್ದೆ ತಾನೇ ಮಾಡ್ಕೋತಾಳಂತೆ."

"ಹೂಂ, ಮಾಡ್ಕೋತಾಳೆ," ಎನ್ನುತ್ತಿದ್ದ ಅಪ್ಪ. "ಚಪ್ಪಲಿ ಬಿಟ್ಟು ಹೋಗ್ತಿದೀರಾ ಶೆಟ್ರೆ."

ನನಗೆ ಹೊಟ್ಟೆ ಉರಿಯುತ್ತಿತ್ತು. ನಾನೇನೂ ದಡ್ಡಿ ಅಲ್ಲ. ಹದಿನಾರು ಗಂಟೆಯಲ್ಲಿ ಓದಬಹುದಾದಷ್ಟನ್ನು ಓದುತ್ತಿದ್ದೆ. ಆದರೆ ಚಿನ್ಮಯನಿಗೆ ನನಗಿಂತ ದಿನಕ್ಕೆ ಎಂಟು ಗಂಟೆ ಹೆಚ್ಚು. ಎರಡೂವರೆ ತಿಂಗಳಿಗೆ ಎಷ್ಟಾಗುತ್ತದೆ ಎಂದು ಒಂದು ಸಂಜೆ ಲೆಕ್ಕ ಹಾಕಿದೆ. ಆ ಲೆಕ್ಕ ಹಾಕುವುದರಲ್ಲಿ ಹತ್ತು ನಿಮಿಷ ಹಾಳಾಯಿತು.

ಪರೀಕ್ಷೆಯ ಹಿಂದಿನ ರಾತ್ರಿ ಯಾರೂ ಮಲಗುವುದಿಲ್ಲ, ಇದು ನಮ್ಮೂರ ಪದ್ಧತಿ. ಮಕ್ಕಳು ಕೊನೆಯ ಸಲ ತಿರುವಿ ಹಾಕುತ್ತಾರೆ, ದೊಡ್ಡವರು ನಿದ್ದೆ ತಡೆದು ಕೂರುತ್ತಾರೆ. ಬೆಳಿಗ್ಗೆ ಮಕ್ಕಳು ಹಾಲಿಗೆ ಹೋದ ಕೂಡಲೇ ಶಾಲೆಯ ಮೈದಾನದಲ್ಲಿ ಚಾಪೆ ಹಾಸಿ ಅವರು ಮಲಗಿಬಿಡಬೇಕು. ಬಿಸಿ ನಿದ್ದೆ ಎನ್ನುತ್ತಾರೆ ಅದಕ್ಕೆ. ರಾತ್ರಿಯ ಹಳೇ ನಿದ್ದೆಗಿಂತ ಆಗಲೇ ಮಾಡಿದ್ದು ತಲೆಗೆ ಬೇಗ ಏರುತ್ತದೆ, ಮೂರು ಗಂಟೆಯೂ ಮಗು ಚುರುಕಾಗಿರುತ್ತದೆ ಎಂಬ ನಂಬಿಕೆ. ಅದು ಸರಿಯೂ ಹೌದು. ನಾನು ಮಾತ್ರ ಆ ರಾತ್ರಿ ಒಂಬತ್ತಕ್ಕೆ ಮಲಗಿ ಆರಕ್ಕೆ ಎದ್ದೆ.

ಅಪ್ಪ ಅರ್ಧ ದಿನ ರಜೆ ಹಾಕಿ, ನನ್ನ ದಿಂಬು ಕಂಕುಳಲ್ಲಿ ಇಟ್ಟುಕೊಂಡು ಜೊತೆಗೆ ಬಂದ. ವಿಸಿಲ್ ಅಭ್ಯಾಸದಂತೆ ಕೊರಳಲ್ಲೇ ಇತ್ತು.

"ವಾರಿ, ಇವತ್ತೊಂದ್ ಸಲ ಪ್ರಯತ್ನ ಮಾಡ್ತೀನಿ," ಎಂದ ಗುಡ್ಡ ಹತ್ತುವಾಗ. ನನ್ನ ಹೆಸರು ವಾರಿಜ.

"ಬಿಡಪ್ಪ. ನಾನೇ ಮಲಗಿ ಬಂದಿದೀನಿ."

"ಚೆನ್ನಾಗ್ ಬಂತಾ?"

"ಬಂತು."

ದಿಂಬನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡ. "ಹೆಂಗಿರುತ್ತೆ ಅದು? ನಂಗೆ ಮರ್ತೇ ಹೋಗಿದೆ."

"ಗೊತ್ತಾಗಲ್ಲ. ಅದಕ್ಕೇ ಚೆನ್ನಾಗಿರುತ್ತೆ."

ಆ ವರ್ಷ ಶಾಲೆಗೆ ಹೊಸ ಹೆಡ್‌ಮಾಸ್ಟರು ಬಂದಿದ್ದರು, ಶಿಸ್ತಿನ ಮನುಷ್ಯ. ದಿಂಬಿನೊಳಗೆ ಚೀಟಿ ಇಟ್ಟು ತಂದು ಕಿಟಕಿಯಿಂದ ಒಳಗೆ ಕೊಡುತ್ತಾರೆ ಎಂದು ಅವರಿಗೆ ಯಾರೋ ಹೇಳಿದ್ದರು. ಅದಕ್ಕೆ ಎರಡು ಹೊಸ ನಿಯಮ ಮಾಡಿದ್ದರು. ದಿಂಬುಗಳಿಗೆಲ್ಲ ಬಿಳಿ ಗವಸೇ ಹಾಕಿರಬೇಕು, ಮತ್ತು ಗೇಟಿನಲ್ಲಿ ದಿಂಬು ತಪಾಸಣೆ. ಮಕ್ಕಳ ಹೆಸರು, ಗಿಳಿ, ಗುಲಾಬಿ ಎಲ್ಲ ಕಸೂತಿ ಹಾಕಿದ್ದ ಗವಸುಗಳನ್ನು ಅಮ್ಮಂದಿರು ಮನೆಯಲ್ಲಿ ಬಿಚ್ಚಿಟ್ಟು ಬಂದಿದ್ದರು. ಮುನ್ನೂರ ಹನ್ನೆರಡು ಮಕ್ಕಳು, ಮುನ್ನೂರ ಹನ್ನೆರಡು ಬಿಳಿ ದಿಂಬು. ಮೂವರು ಜವಾನರು ಒಂದೊಂದನ್ನೇ ಹಿಸುಕಿ ಹಿಸುಕಿ ನೋಡಿ ಗೇಟಿನ ಒಳಗೆ ರಾಶಿ ಹಾಕುತ್ತಿದ್ದರು.

"ನೀನ್ಯಾಕೆ ತಂದಿದೀಯ ಕಂಟ್ರೋಲರಣ್ಣ?" ತಿಮ್ಮಶೆಟ್ಟರು ಆಕಳಿಸುತ್ತಲೇ ಕೇಳಿದರು. ಕಣ್ಣು ಕೆಂಡದ ಹಾಗಿತ್ತು. "ಮೇಲೆ ಕೂರೋಕಾ?"

ಸುತ್ತ ನಾಲ್ಕು ಜನ ನಕ್ಕರು. ಅಪ್ಪನೂ ನಕ್ಕ. ನಾನು ಹಾಲಿಗೆ ಹೋದೆ.

ನನ್ನ ಜಾಗ ಕಿಟಕಿಯ ಪಕ್ಕ ಸಿಕ್ಕಿತು. ಅಲ್ಲಿಂದ ಮೈದಾನ ಪೂರ್ತಿ ಕಾಣುತ್ತಿತ್ತು, ಹಾಗಾಗಿ ಆಮೇಲೆ ಆದದ್ದನ್ನೆಲ್ಲ ನಾನು ಕಣ್ಣಾರೆ ನೋಡಿದೆ. ತಪಾಸಣೆ ಮುಗಿಯುವ ಹೊತ್ತಿಗೆ ಹತ್ತಕ್ಕೆ ಮೂರೇ ನಿಮಿಷ ಇತ್ತು. ರಾತ್ರಿಯಿಡೀ ನಿದ್ದೆಗೆಟ್ಟಿದ್ದ ಮುನ್ನೂರು ಜನ ನಿಂತಲ್ಲೇ ತೂಗುತ್ತಿದ್ದರು. ಗಂಟೆ ಹೊಡೆಯಿತು. ಎಲ್ಲರೂ ಒಟ್ಟಿಗೆ ರಾಶಿಗೆ ನುಗ್ಗಿ, ಕೈಗೆ ಸಿಕ್ಕ ದಿಂಬು ಹಿಡಿದು, ಕಾಲಿಗೆ ಸಿಕ್ಕ ಜಾಗದಲ್ಲಿ ಬಿದ್ದುಕೊಂಡರು. ಎರಡು ನಿಮಿಷದಲ್ಲಿ ಮೈದಾನ ನಿಶ್ಶಬ್ದ. ಅಪ್ಪ ಮಾತ್ರ ಗಂಟೆಗೆ ಮೊದಲೇ ರಾಶಿಯಲ್ಲಿ ನನ್ನ ದಿಂಬು ಗುರುತಿಸಿ ಎತ್ತಿಟ್ಟುಕೊಂಡಿದ್ದ, ಎಲ್ಲರೂ ಹೋದ ಮೇಲೆ ನಿಧಾನವಾಗಿ ಹೊಂಗೆ ಮರದ ಬುಡಕ್ಕೆ ಹೋಗಿ ಮಲಗಿ, ಕಣ್ಣು ಬಿಟ್ಟುಕೊಂಡೇ ಇದ್ದ.

ಪ್ರಶ್ನೆಪತ್ರಿಕೆ ಕೊಟ್ಟು ಐದು ನಿಮಿಷ ಆಗಿರಬಹುದು. ನನ್ನ ಮುಂದಿನ ಬೆಂಚಿನಲ್ಲಿದ್ದ ಚಿನ್ಮಯನ ತಲೆ ಮೆಲ್ಲಗೆ ಬಾಗಿ ಡೆಸ್ಕಿಗೆ ತಾಗಿತು. ಪಕ್ಕದ ಸಾಲಿನಲ್ಲಿ ದರ್ಜಿಯ ಮಗಳ ಪೆನ್ನು ಕೆಳಗೆ ಬಿತ್ತು, ಅವಳು ಎತ್ತಿಕೊಳ್ಳಲಿಲ್ಲ. ಆಮೇಲೆ ಒಂದರ ಹಿಂದೊಂದು ತಲೆಗಳು ಉರುಳಿದವು. ಮೇಲ್ವಿಚಾರಕರು ಓಡಾಡಿ ಡೆಸ್ಕು ಕುಟ್ಟಿದರು. ಕುಟ್ಟಿಸಿಕೊಂಡವರು ಏಳುತ್ತಿದ್ದರು, ಮೇಲ್ವಿಚಾರಕರು ಮುಂದಕ್ಕೆ ಹೋದ ತಕ್ಷಣ ಮತ್ತೆ ಬೀಳುತ್ತಿದ್ದರು. ಮೈದಾನದಲ್ಲಿ ದೊಡ್ಡವರೆಲ್ಲ ಬೇರೆ ಮನೆಯವರ ದಿಂಬಿನ ಮೇಲೆ ಮಲಗಿದ್ದಾರೆ ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಎಣಿಸಿದೆ. ನಮ್ಮ ಹಾಲಿನಲ್ಲಿದ್ದ ನೂರು ಜನರಲ್ಲಿ ಬರೆಯುತ್ತಿದ್ದವರು ಏಳು. ಮೂರು ಹಾಲಿಗೆ ಇಪ್ಪತ್ತೋ ಇಪ್ಪತ್ತೆರಡೋ ಇರಬಹುದು. ಸೀಟು ನಲವತ್ತು.

ನನಗೆ ಅಷ್ಟು ಸಂತೋಷ ಹಿಂದೆ ಎಂದೂ ಆಗಿರಲಿಲ್ಲ. ಅಯ್ಯೋ ಪಾಪ ಎನಿಸಿತು ಎಂದು ಬರೆಯಬಹುದು, ಎನಿಸಲಿಲ್ಲ. ಮೊದಲ ನಾಲ್ಕು ಲೆಕ್ಕ ಒಂದೇ ಉಸಿರಿಗೆ ಮಾಡಿದೆ. ಐದನೆಯದಕ್ಕೆ ಬಂದಾಗ ಮುಂದಿನ ಬೆಂಚಿನಲ್ಲಿ ಚಿನ್ಮಯ ತಟ್ಟನೆ ನೆಟ್ಟಗೆ ಕೂತು, ಮುಖ ಒರೆಸಿಕೊಂಡು ಬರೆಯತೊಡಗಿದ.

ಕಿಟಕಿಯ ಹೊರಗೆ ನೋಡಿದೆ. ಅಪ್ಪ ತಿಮ್ಮಶೆಟ್ಟರ ಪಕ್ಕ ಮಂಡಿಯೂರಿದ್ದ. ಅವರ ತಲೆಯ ಕೆಳಗೆ ದಪ್ಪ ದಿಂಬಿತ್ತು. ಅವರು ಮಲಗಿದ್ದದ್ದು ಅಪ್ಪನ ಪಕ್ಕದಲ್ಲೇ, ತೆಳ್ಳನೆ ದಿಂಬಿನ ಮೇಲೆ ಆ ತಲೆ ನೋಡಿ ಅವನಿಗೆ ತಪ್ಪು ಗೊತ್ತಾಗಿದೆ. ಎಬ್ಬಿಸಿದರೆ ಬಿಸಿ ನಿದ್ದೆ ಹಾಳು, ಮುನ್ನೂರು ಜನ ದಿಂಬು ಹಿಡಿದು ಜಗಳಕ್ಕೆ ನಿಂತರೆ ಪರೀಕ್ಷೆ ಮುಗಿದೇ ಹೋಗುತ್ತದೆ. ಅದಕ್ಕೆ ಯಾರನ್ನೂ ಎಬ್ಬಿಸದೆ ಬದಲಿಸುತ್ತಿದ್ದ. ಕುದಿಯುವ ಪಾತ್ರೆ ಇಳಿಸುವ ಹಾಗೆ ಎರಡೂ ಕೈಯಲ್ಲಿ ತಲೆ ಎತ್ತಿ, ಕೆಳಗಿನ ದಿಂಬು ಎಳೆದು, ಆ ಜಾಗಕ್ಕೆ ನನ್ನ ದಿಂಬು ತೂರಿಸುತ್ತಿದ್ದ. ಎಳೆದದ್ದನ್ನು ತೂಗಿ, ಮೂಸಿ, ಅದರ ಯಜಮಾನನನ್ನು ಹುಡುಕಿ ಅವನ ತಲೆಯಡಿಗೆ ಸೇರಿಸಿ, ಅಲ್ಲಿದ್ದದ್ದನ್ನು ಎತ್ತಿಕೊಂಡು ಮುಂದಕ್ಕೆ. ಸುತ್ತು ಮುಗಿದಾಗ ನನ್ನ ದಿಂಬು ವಾಪಸ್ಸು ತೆಗೆದು ಇನ್ನೊಂದು ತಲೆಗೆ. ನನ್ನ ದಿಂಬನ್ನು ಬಸ್ಸಿನ ಸ್ಟೆಪ್ನಿ ಟೈರಿನ ಹಾಗೆ ಬಳಸುತ್ತಿದ್ದ. ಅವನು ಒಂದು ತಲೆ ಇಳಿಸಿದಾಗಲೆಲ್ಲ ಹಾಲಿನಲ್ಲಿ ಒಂದು ತಲೆ ಏಳುತ್ತಿತ್ತು.

ದರ್ಜಿಯ ಮಗಳು ಎದ್ದಳು. ಪೋಸ್ಟ್ ಮಾಸ್ತರರ ಮಗ ಎದ್ದ. ನಾನು ಬರೆಯುವುದು ಬಿಟ್ಟು ನೋಡುತ್ತಿದ್ದೆ. ಒಂದು ಸಲ ಅಪ್ಪ ಎರಡು ಹೆಗಲಿಗೂ ಒಂದೊಂದು ದಿಂಬು ಹಾಕಿಕೊಂಡು ಕಿಟಕಿಯ ಸಮೀಪ ಬಂದ. ನನ್ನನ್ನು ಕಂಡ. ಕಿಟಕಿಯಿಂದ ಅರೆನಿದ್ದೆಯ ಮುಖಗಳೂ ಅವನಿಗೆ ಕಂಡಿರಬೇಕು, ಅವನೇನು ದಡ್ಡನಲ್ಲ. ನಾನು ತಲೆ ಅಲ್ಲಾಡಿಸಿದೆ. ಬೇಡ ಅಂತ. ಎರಡು ಸಲ, ಸ್ಪಷ್ಟವಾಗಿ.

ಅಪ್ಪ ನಿಂತ. ಹೆಗಲ ಮೇಲಿನ ದಿಂಬು ಸರಿ ಮಾಡಿಕೊಂಡ. ಆಮೇಲೆ ಬಗ್ಗಿ ಮುಂದಿನ ತಲೆ ಎತ್ತಿದ.

"ಏನಮ್ಮ, ಹೊರಗೇನು ನೋಟ?" ಎಂದು ಮೇಲ್ವಿಚಾರಕರು ನನ್ನ ಡೆಸ್ಕನ್ನೂ ಕುಟ್ಟಿದರು. ಆ ದಿನ ಎಚ್ಚರವಿದ್ದೂ ಕುಟ್ಟಿಸಿಕೊಂಡವಳು ನಾನೊಬ್ಬಳು.

ಸಿಟ್ಟಿನಲ್ಲಿ ಎರಡು ಲೆಕ್ಕ ತಪ್ಪು ಮಾಡಿದೆ. ಹನ್ನೆರಡೂಕಾಲಿನ ಹೊತ್ತಿಗೆ ಹಾಲಿನಲ್ಲಿ ಒಂದೂ ತಲೆ ಡೆಸ್ಕಿನ ಮೇಲಿರಲಿಲ್ಲ. ಬೆಳಕು ಪಾಠದ ಹತ್ತು ಅಂಕದ ಪ್ರಶ್ನೆ ನನ್ನ ಮುಂದೆ ಖಾಲಿ ಇತ್ತು. ನನಗೂ ಸುಸ್ತಾಗಿತ್ತು, ಅಕ್ಷರ ಎರಡೆರಡಾಗಿ ಕಾಣುತ್ತಿತ್ತು. ಆಗ ಯಾರೋ ಮುಖಕ್ಕೆ ತಣ್ಣೀರು ಎರಚಿದಂತಾಯಿತು. ಒಮ್ಮೆಲೇ ಎಲ್ಲ ಹಗುರ, ಎಲ್ಲ ಸ್ಪಷ್ಟ. ಗೋಡೆಯ ಮೇಲಿನ ಹಲ್ಲಿಯ ಬೆರಳು ಎಣಿಸಬಹುದಿತ್ತು. ನನಗೆ ಹಿಂದೆಂದೂ ಹಾಗೆ ಆಗಿರಲಿಲ್ಲ, ಏನೆಂದು ತಿಳಿಯದೆ ಕಿಟಕಿಯಾಚೆ ನೋಡಿದೆ. ಹೊಂಗೆ ಮರದ ಕೆಳಗೆ ಅಪ್ಪ ನನ್ನ ದಿಂಬಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿದ್ದ. ಹೊಟ್ಟೆ ಏರಿ ಇಳಿಯುತ್ತಿತ್ತು.

ಬೆಳಕಿನ ಪ್ರಶ್ನೆ ಆಗಲೂ ಗೊತ್ತಾಗಲಿಲ್ಲ. ಓದದೆ ಇದ್ದದ್ದು ನಿದ್ದೆಯಿಂದ ಬರುವುದಿಲ್ಲ. ಆದರೆ ತಪ್ಪು ಮಾಡಿದ್ದ ಎರಡು ಲೆಕ್ಕಗಳು ಕಣ್ಣಿಗೆ ಬಿದ್ದವು, ತಿದ್ದಿದೆ.

ಒಂದು ಗಂಟೆಗೆ ಗಂಟೆ ಹೊಡೆದಾಗ ಮೈದಾನದಲ್ಲಿ ಎಲ್ಲರೂ ಎದ್ದರು. ಮೈ ಮುರಿದು, ತಮ್ಮ ತಮ್ಮ ದಿಂಬು ಕಂಕುಳಲ್ಲಿ ಇಟ್ಟು, ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿ, ಮಕ್ಕಳ ಕೈ ಹಿಡಿದು ಗುಡ್ಡ ಇಳಿದರು. ಅಪ್ಪ ಮಾತ್ರ ಏಳಲಿಲ್ಲ. ಊರನ್ನೆಲ್ಲ ಎಬ್ಬಿಸುವವನು ಅವನು, ಅವನನ್ನು ಎಬ್ಬಿಸುವುದು ಯಾರಿಗೂ ಗೊತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಅವನು ಮಲಗಿದಷ್ಟೂ ನನ್ನ ಎಚ್ಚರ ಏರುತ್ತಿತ್ತು. ಎರಡೂವರೆಯವರೆಗೆ, ಇಡೀ ಊರಿನಲ್ಲಿ ಯಾರೂ ಇಲ್ಲದಷ್ಟು ಚುರುಕಾಗಿ, ಮಾಡಲು ಏನೂ ಕೆಲಸವಿಲ್ಲದೆ ಇರುವೆ ಸಾಲು ನೋಡುತ್ತ ಕೂತಿದ್ದೆ.

ಎದ್ದವನು ಮೊದಲು ಸೂರ್ಯನನ್ನು ನೋಡಿದ. "ಮುಗೀತಾ?"

"ಯಾವಾಗ್ಲೋ ಮುಗೀತು. ನಾನು ಬೇಡ ಅಂದಿದ್ದು ಕಾಣ್ಲಿಲ್ವಾ ನಿಂಗೆ?"

"ಕಾಣ್ತು."

"ಮತ್ತೆ?"

ಅಪ್ಪ ತಲೆ ಕೆರೆದುಕೊಂಡ. "ತಪ್ಪು ಬೋರ್ಡ್ ಹಾಕ್ಕೊಂಡು ಬಸ್ ಹೊರಟ್ರೆ ಕಂಟ್ರೋಲರ್ ಸುಮ್ನೆ ಕೂರೋಕಾಗುತ್ತಾ ಮಗಾ? ನೀನಂದಾಗ ನಿಂತೆ. ಕೈ ಕೇಳ್ಲಿಲ್ಲ."

"ಸೀಟು ಹೋಗುತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು," ಎಂದ. ಚಪ್ಪಲಿ ಹುಡುಕತೊಡಗಿದ.

ನನಗೆ ಅಳು ಬರಬೇಕಿತ್ತು, ಅಷ್ಟು ಎಚ್ಚರದಲ್ಲಿ ಅಳು ಬರುವುದಿಲ್ಲ. "ಕನಸು ಬಿತ್ತಾ?" ಎಂದು ಕೇಳಿದೆ. ನನ್ನ ಕನಸು ಅಷ್ಟು ವರ್ಷ ನೋಡಿದವಳು ನಾನೊಬ್ಬಳೇ.

"ಬಿತ್ತು. ಖಾಲಿ ಬಸ್ಸು. ಹಿಂದಿನ ಸೀಟಲ್ಲಿ ನೀನು ಕಾಲು ಚಾಚಿ ಮಲಗಿದ್ದೆ. ಕನಸಲ್ಲೂ ನಿದ್ದೆನೇ ಮಾಡ್ತೀಯಲ್ಲೇ," ಎಂದು ನಕ್ಕ. ಮೂರು ದಿನ ನಾನು ಅವನ ಹತ್ತಿರ ಮಾತಾಡಲಿಲ್ಲ. ನಾಲ್ಕನೇ ದಿನ ಚೌಕಾಬಾರಕ್ಕೆ ಜನ ಬೇಕಾಗಿತ್ತು, ಮಾತಾಡಿದೆ.

ಫಲಿತಾಂಶ ಏಪ್ರಿಲಿನಲ್ಲಿ ಬಂತು. ನಾನು ನಲವತ್ತೊಂದನೆಯವಳು. ನಲವತ್ತನೆಯವನು ಚಿನ್ಮಯ, ನನಗಿಂತ ಎರಡು ಅಂಕ ಹೆಚ್ಚು. ಸಂಜೆ ತಿಮ್ಮಶೆಟ್ಟರು ಲಾಡಿನ ಡಬ್ಬ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದರು.

"ಬೇಜಾರ್ ಮಾಡ್ಕೋಬೇಡ ಕಂಟ್ರೋಲರಣ್ಣ. ನಿದ್ದೆ ಅನ್ನೋದು ಎಲ್ಲಾರಿಗೂ ಒಲಿಯಲ್ಲ. ನಾನು ಅವತ್ತು ಮಲಗಿದ್ನಲ್ಲ, ಒಂದು ಸಲ ಆ ಕಡೆ ಈ ಕಡೆ ಹೊರಳಲಿಲ್ಲ ನೋಡು."

"ಹೊರಳಲಿಲ್ಲ," ಎಂದ ಅಪ್ಪ. ನಾನು ಬಾಯಿ ತೆರೆದೆ. ಅವನು ನನ್ನ ಬಾಯಿಗೆ ಒಂದು ಲಾಡು ಇಟ್ಟು, ತಾನೂ ಎರಡು ತೆಗೆದುಕೊಂಡ. ಚೆನ್ನಾಗಿತ್ತು, ದ್ರಾಕ್ಷಿ ಧಾರಾಳ ಹಾಕಿದ್ದರು.

ಹೊಂಗೆ ಮರದ ಹತ್ತಿರ ಮಲಗಿದ್ದವರ ಮಕ್ಕಳಿಗೇ ಆ ವರ್ಷ ಹೆಚ್ಚು ಸೀಟು ಸಿಕ್ಕಿದ್ದವು, ಯಾಕೆಂದರೆ ಅಪ್ಪ ಅಲ್ಲಿಂದ ಶುರು ಮಾಡಿದ್ದ. ಊರಿನವರು ಇದನ್ನು ಗಮನಿಸಿದರು. ಮುಂದಿನ ವರ್ಷದಿಂದ ಪರೀಕ್ಷೆಯ ದಿನ ಆ ಮರದ ನೆರಳಿಗೆ ಬೆಳಗಿನ ಜಾವದಿಂದಲೇ ಕ್ಯೂ. ಒಂದು ಸಲ ಕೈ ಕೈ ಮಿಲಾಯಿಸಿದ್ದೂ ಉಂಟು. ಮರಕ್ಕೆ ಈಗ ಕಟ್ಟೆ ಕಟ್ಟಿಸಿದ್ದಾರೆ, ತಿಮ್ಮಶೆಟ್ಟರ ಖರ್ಚಿನಲ್ಲಿ.

ನಾನು ಸರ್ಕಾರಿ ಹೈಸ್ಕೂಲಿಗೆ ಸೇರಿದೆ. ಅಲ್ಲಿ ಅಸ್ಥಿಪಂಜರ ಇರಲಿಲ್ಲ, ಒರಗುವ ಹಲಗೆಯೂ ಇರಲಿಲ್ಲ, ಬೆಳಕು ಪಾಠ ಮಾತ್ರ ಹಗಲಲ್ಲೇ ಮಾಡಿದರು. ಅಪ್ಪನಿಗೆ ಆ ದಿನದಿಂದ ನಿದ್ದೆ ಬರುತ್ತಿದೆ. ಮಧ್ಯಾಹ್ನ ಹನ್ನೆರಡೂಕಾಲಿಗೆ ಕೂತಲ್ಲೇ ತೂಗುತ್ತಾನೆ. ಹನ್ನೆರಡೂ ನಲವತ್ತರ ಬಸ್ಸಿನ ಡ್ರೈವರು ತಾನೇ ಹೊತ್ತು ಬರೆದುಕೊಂಡು ಸದ್ದು ಮಾಡದೆ ಹೊರಡುತ್ತಾನೆ.

ಆ ಭಾನುವಾರ ನಮ್ಮ ಮನೆಗೆ ಆದ ನಷ್ಟ ಇಷ್ಟು: ಒಂದು ಸೀಟು, ಎರಡು ಅಂಕ, ನೂರಾರು ತಲೆಗಳ ಎಣ್ಣೆ ಹತ್ತಿ ಎಷ್ಟು ಒಗೆದರೂ ಬೆಳ್ಳಗಾಗದ ಒಂದು ಗವಸು, ಮರದ ಕೆಳಗೆ ಎಲ್ಲೋ ಬಿದ್ದುಹೋದ ಅಪ್ಪನ ವಿಸಿಲ್, ಬಲಗಾಲಿನ ಒಂದು ಚಪ್ಪಲಿ.